ಮೂವತ್ತು ಸೆಂಟಿನ ಒಂದು ಕಲ್ಲೋ, ಐವತ್ತು ಸೆಂಟಿನ ಒಂಬತ್ತು ಕಲ್ಲೋ?

ಓದುಗರ ಪತ್ರದ ಸಾರ: ತಮ್ಮನ ನಿಶ್ಚಿತಾರ್ಥಕ್ಕೆ ನಲವತ್ತು ದಿನ ಉಳಿದಿದೆ. ಹುಡುಗಿಗೆ ವಜ್ರದ ಉಂಗುರ ತೊಡಿಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಆನ್‌ಲೈನ್‌ನಲ್ಲಿ ನೋಡಿದ್ದು 30 ಸೆಂಟಿನ (ಕ್ಯಾರೆಟ್ಟಿನ ನೂರರಲ್ಲೊಂದು ಭಾಗ ಒಂದು ಸೆಂಟ್) ಒಂಟಿ ಕಲ್ಲು, ನಮ್ಮೂರ ಅಂಗಡಿಯವರು ತೋರಿಸಿದ್ದು 50 ಸೆಂಟಿನದು. ಎರಡೂ ಲಕ್ಷದ ಆಸುಪಾಸು. ಅಂಗಡಿಯದು ಲಾಭವಲ್ಲವೇ? ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಅದೇ ದುಡ್ಡಿಗೆ ಒಂದು ಕ್ಯಾರೆಟ್ಟಿನ ಲ್ಯಾಬ್ ವಜ್ರ (ಪ್ರಯೋಗಾಲಯದಲ್ಲಿ ಬೆಳೆಸಿದ್ದು) ಬರುತ್ತದೆ ಎನ್ನುತ್ತಾಳೆ. ಕಲ್ಲಲ್ಲಿ ಕರಿಚುಕ್ಕೆ ಇದ್ದರೆ ದೋಷ, ವಿವಿಎಸ್ (ಕಲೆ ಅತಿ ಕಡಿಮೆ ಇರುವ ಶುಚಿ ದರ್ಜೆ) ಆಗಲೇಬೇಕು ಎಂಬುದು ಸೋದರತ್ತೆಯ ಮಾತು. ಯಾರ ಮಾತು ಕೇಳುವುದು? (ಹೆಸರು ಬೇಡ, ದಾವಣಗೆರೆ)

ಉತ್ತರ:

ನೀವು ಅಂಗಡಿಯ ಅಂದಾಜು ಚೀಟಿಯನ್ನೂ ಆನ್‌ಲೈನ್ ಪುಟದ ವಿವರವನ್ನೂ ಅಕ್ಷರ ಬಿಡದೆ ನಕಲು ಮಾಡಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಉತ್ತರದ ಮುಕ್ಕಾಲು ಪಾಲು ಅವುಗಳಲ್ಲೇ ಇದೆ.

ಅಂಗಡಿಯ ಚೀಟಿಯಲ್ಲಿ ‘ಡೈಮಂಡ್ 0.50, 9 ಪೀಸ್’ ಎಂದಿದೆ. ಅಂದರೆ ಐದೂವರೆ ಸೆಂಟಿನ ಒಂಬತ್ತು ಪುಡಿಗಲ್ಲುಗಳನ್ನು ಒತ್ತಾಗಿ ಕೂರಿಸಿ ಒಂದೇ ದೊಡ್ಡ ಕಲ್ಲಿನಂತೆ ಕಾಣಿಸಿದ್ದಾರೆ. ವಜ್ರದ ದರ ತೂಕದೊಂದಿಗೆ ನೇರವಾಗಿ ಏರುವುದಿಲ್ಲ, ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್ಟಿನ ದರವೇ ಜಿಗಿಯುತ್ತದೆ. 30, 50, 70 ಸೆಂಟ್, ಒಂದು ಕ್ಯಾರೆಟ್, ಇವು ಆ ಜಿಗಿತದ ಮೆಟ್ಟಿಲುಗಳು. ಐದು ಸೆಂಟಿನ ಹತ್ತು ಕಲ್ಲಿಗೂ ಐವತ್ತು ಸೆಂಟಿನ ಒಂದು ಕಲ್ಲಿಗೂ ತೂಕ ಒಂದೇ, ಬೆಲೆ ಎಲ್ಲಿಂದೆಲ್ಲಿಗೋ. ಹಾಗಾಗಿ ನಿಮ್ಮ ಮುಂದಿರುವುದು ಒಂದೇ ಸರಕಿನ ಎರಡು ಬೆಲೆಗಳಲ್ಲ, ಎರಡು ಬೇರೆ ಬೇರೆ ಸರಕುಗಳು.

ಒಂಬತ್ತು ಕಲ್ಲಿನದು ಮೋಸವೆಂದು ಹೇಳುತ್ತಿಲ್ಲ. ಏಳು ಕಲ್ಲಿನ ಓಲೆ, ಬೇಸರಿ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಓಲೆಯಲ್ಲಿ ಏಳು ಕಲ್ಲು ಏಳಾಗಿಯೇ ಕಾಣುತ್ತವೆ, ಒಂದೊಂದಕ್ಕೂ ಅದರದೇ ಹಿಡಿತವಿರುತ್ತದೆ. ನೀವು ನೋಡಿದ್ದು ಪ್ರೆಷರ್ ಸೆಟ್ಟಿಂಗ್ ಎನಿಸುತ್ತದೆ: ಕಲ್ಲುಗಳ ಅಂಚು ಒಂದಕ್ಕೊಂದು ತಾಗಿ, ಸುತ್ತಲಿನ ಕೆಲವೇ ಕೊಕ್ಕೆಗಳು ಇಡೀ ಗುಂಪನ್ನು ಬಿಗಿ ಹಿಡಿದಿರುತ್ತವೆ. ಒಂದು ಕಲ್ಲು ಅಲುಗಿದರೆ ಪಕ್ಕದವೂ ಸಡಿಲವಾಗುತ್ತವೆ. ಬಿದ್ದ ಕಲ್ಲಿಗೆ ಅಷ್ಟೇ ಅಳತೆಯ ಜೋಡಿ ಹುಡುಕಬೇಕು. ಉಂಗುರದ ಅಳತೆ ತಿದ್ದಲು ಕಾಯಿಸುವುದೂ ತಂತಿ ಬಾಗಿಸುವುದೂ ಅದಕ್ಕೆ ಆಗಿಬರುವುದಿಲ್ಲ. ಕಿವಿಯಲ್ಲಿ ಇದು ಬಾಳಬಹುದು. ಆದರೆ ಬೆರಳು ದಿನಕ್ಕೆ ನೂರು ಸಲ ಬಾಗಿಲಿಗೆ, ಪಾತ್ರೆಗೆ ತಾಗುತ್ತದೆ. ದಿನವೂ ತೊಡುವ ಉಂಗುರಕ್ಕೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ.

ಅದೇ ಚೀಟಿಯಲ್ಲಿ ಇನ್ನೊಂದಿದೆ. ಒಟ್ಟು ತೂಕ 3.840 ಗ್ರಾಂ, ಚಿನ್ನದ ದರ ಹಾಕಿರುವುದೂ 3.840ಕ್ಕೇ. ಒಂದು ಕ್ಯಾರೆಟ್ ಎಂದರೆ 0.200 ಗ್ರಾಂ. 50 ಸೆಂಟಿನ ಕಲ್ಲು 0.100 ಗ್ರಾಂ ತೂಗಲೇಬೇಕು. ಚಿನ್ನದ ನಿವ್ವಳ ತೂಕ 3.740 ಇರಬೇಕಿತ್ತು. ಕಲ್ಲಿಗೆ ಕಲ್ಲಿನ ದರ ಕೊಟ್ಟ ಮೇಲೆ ಅದೇ ಕಲ್ಲಿಗೆ ಚಿನ್ನದ ದರವನ್ನೂ, ಅದರ ಮೇಲೆ ಶೇ 18ರ ವೇಸ್ಟೇಜನ್ನೂ ಕೊಡುತ್ತಿದ್ದೀರಿ. ಮೊತ್ತ ಸಣ್ಣದೇ. ಆದರೆ ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಇರಬೇಕೆಂಬುದು ನಿಯಮ. ‘ನೆಟ್ ವೇಯ್ಟ್ ಬರೆದುಕೊಡಿ’ ಎಂದು ಕೇಳಿ ನೋಡಿ. ತಕ್ಷಣ ತಿದ್ದಿಕೊಟ್ಟರೆ ಸರಿ, ಮುಖ ಸಿಂಡರಿಸಿದರೆ ಎದ್ದು ಬನ್ನಿ. ಆನ್‌ಲೈನ್‌ನವರದು ಒಟ್ಟು 3.020, ನಿವ್ವಳ 2.960. 30 ಸೆಂಟಿಗೆ 0.060 ಗ್ರಾಂ, ಲೆಕ್ಕ ಕೂಡುತ್ತದೆ.

ಆನ್‌ಲೈನ್ ಕಲ್ಲಿನ ವಿವರ: ದುಂಡು ಕಲ್ಲು, ಜಿ ಬಣ್ಣ (ಡಿ ಎಂದರೆ ಪೂರ್ತಿ ಬಿಳಿ, ಅಕ್ಷರ ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚು), ವಿಎಸ್2 (ವಿವಿಎಸ್‌ಗಿಂತ ಕೆಳಗಿನ ಶುಚಿ ದರ್ಜೆ), ವಜ್ರ ಪರೀಕ್ಷಿಸುವ ಐಜಿಐ ಸಂಸ್ಥೆಯ ವರದಿ, ಅಳತೆ 4.28–4.31 × 2.64 ಮಿ.ಮೀ. ಇಂಥ ಕಲ್ಲಿನ ತೂಕವನ್ನು ತಕ್ಕಡಿಯಿಲ್ಲದೆ ಅಂದಾಜಿಸಬಹುದು: ವ್ಯಾಸವನ್ನು ವ್ಯಾಸದಿಂದ, ಅದನ್ನು ಎತ್ತರದಿಂದ, ಅದನ್ನು 0.0061ರಿಂದ ಗುಣಿಸಿ. ಇಲ್ಲಿ 0.297 ಬರುತ್ತದೆ, 30 ಸೆಂಟಿಗೆ ಹೊಂದುತ್ತದೆ. ಎತ್ತರ ವ್ಯಾಸದ ಶೇ 61.5. ದುಂಡು ಕಲ್ಲಿಗೆ ಶೇ 60ರಿಂದ 62.5ರವರೆಗೆ ಎತ್ತರ, ಶೇ 54ರಿಂದ 58ರವರೆಗೆ ಮೇಲಿನ ಚಪ್ಪಟೆ ಮುಖ (ಟೇಬಲ್) ಇದ್ದರೆ ನೆಮ್ಮದಿ. 30 ಸೆಂಟಿನ ಕಲ್ಲು 4.3 ಮಿ.ಮೀ. ಬದಲು 4.1 ಇದ್ದರೆ ತೂಕ ಹೊಟ್ಟೆಯಲ್ಲೋ ದಪ್ಪ ಅಂಚಿನಲ್ಲೋ ಅಡಗಿದೆ, ಮೇಲಿಂದ ಕಾಣದ ತೂಕಕ್ಕೆ ದುಡ್ಡು ಕೊಡುತ್ತೀರಿ ಎಂದರ್ಥ.

ಆದರೆ ಪುಟದಲ್ಲಿ ಕಟ್ (ಕೊರೆತದ) ದರ್ಜೆ ಕಾಣಿಸಿಲ್ಲ. ಮೊದಲು ಕೇಳಬೇಕಾದದ್ದೇ ಅದು. ವಜ್ರ ಮಿನುಗುವುದು ಬಣ್ಣದಿಂದಲ್ಲ, ಶುಚಿಯಿಂದಲೂ ಅಲ್ಲ, ಕೊರೆತದಿಂದ. ಮೇಲಿಂದ ಹೋದ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ತಳ ತೀರಾ ಆಳವಾದರೆ ನಡುಭಾಗ ಕಪ್ಪಾಗುತ್ತದೆ, ತೀರಾ ಚಪ್ಪಟೆಯಾದರೆ ಬೆಳಕು ಕೆಳಗೆ ಸೋರಿ ಕಲ್ಲು ಮೀನಿನ ಕಣ್ಣಿನಂತೆ ಮಂಕಾಗುತ್ತದೆ. ದುಂಡು ಕಲ್ಲಿಗೆ ‘ಎಕ್ಸಲೆಂಟ್’ ದರ್ಜೆ ಬಿಟ್ಟು ಕೆಳಗಿಳಿಯಬೇಡಿ. ದುಡ್ಡು ಉಳಿಸಬೇಕಾದರೆ ಬಣ್ಣದಲ್ಲಿ ಉಳಿಸಿ. ನಿಮ್ಮದು ಹಳದಿ ಚಿನ್ನ, ಅದರಲ್ಲಿ ಐ, ಜೆ ಬಣ್ಣದ ಕಲ್ಲೂ ಬೆಳ್ಳಗೇ ಕಾಣುತ್ತದೆ. ಪ್ಲಾಟಿನಂ ಅಥವಾ ಬಿಳಿ ಚಿನ್ನಕ್ಕಾದರೆ ಜಿ, ಎಚ್ ನೋಡಿ.

ಇನ್ನು ಸೋದರತ್ತೆಯವರ ಮಾತು. ಬಿಂದು, ರೇಖೆ, ಕಾಕಪಾದ ಎಂದು ರತ್ನಪರೀಕ್ಷೆಯ ಹಳೆಯ ಗ್ರಂಥಗಳು ವಜ್ರದ ದೋಷಗಳನ್ನು ಎಣಿಸುತ್ತವೆ. ಅವರು ಆ ಸಂಪ್ರದಾಯದ ಮಾತನ್ನೇ ಆಡುತ್ತಿದ್ದಾರೆ. ಅದು ಕಣ್ಣಿಗೆ ಕಾಣುವ ಕಲೆಗಳ ಕಾಲದ ಮಾತು. ಇಂದಿನ ಶುಚಿ ದರ್ಜೆ ಕೊಡುವುದು ಹತ್ತು ಪಟ್ಟು ಹಿಗ್ಗಿಸಿ ನೋಡಿ. ವಿಎಸ್2ರ ಕಲೆ 4.3 ಮಿ.ಮೀ. ಕಲ್ಲಿನಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್ಐ1 ದರ್ಜೆಯ ಒಳ್ಳೆಯ ಕಲ್ಲಿನಲ್ಲೂ ಎಷ್ಟೋ ಸಲ ಕಾಣುವುದಿಲ್ಲ. ವಿವಿಎಸ್‌ಗೆ ಕೊಡುವ ಹೆಚ್ಚಿನ ಹಣ ಭೂತಗನ್ನಡಿಗೆ ಮಾತ್ರ ಕಾಣುವ ಸೌಂದರ್ಯಕ್ಕೆ. ಅತ್ತೆಯ ಸಮಾಧಾನಕ್ಕೆ ಮಾರಾಟಗಾರರಿಂದ ಕಲ್ಲಿನ ಹಿಗ್ಗಿಸಿದ ವಿಡಿಯೊ ತರಿಸಿ, ಕರಿಚುಕ್ಕೆ ಟೇಬಲ್ಲಿನ ನಟ್ಟನಡುವೆ ಇಲ್ಲವೆಂದು ತೋರಿಸಿ. ಸಣ್ಣ ಕಲ್ಲುಗಳ ವರದಿಯಲ್ಲಿ ಕಲೆಗಳ ನಕ್ಷೆ ಬಹುತೇಕ ಇರುವುದಿಲ್ಲ, ಆದ್ದರಿಂದ ವಿಡಿಯೊ ಬೇಕೇಬೇಕು. ಪುಟದಲ್ಲಿ ಇರುವುದು ಮಾದರಿ ಚಿತ್ರವಾಗಿದ್ದರೆ ಅದನ್ನು ನೋಡಿ ಪ್ರಯೋಜನವಿಲ್ಲ.

ಅತ್ತೆಯವರು ‘ಬ್ಲೂ ಜಾಗರ್’ ಕೇಳಿದರೂ ಆಶ್ಚರ್ಯವಿಲ್ಲ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ಬಿಸಿಲಲ್ಲಿ ತಿಳಿನೀಲಿ ಹೊಳೆಯುತ್ತಿದ್ದ ಆ ಕಲ್ಲುಗಳ ಓಲೆಗೆ ಹಿಂದಿನವರು ಪ್ರಾಣ ಬಿಡುತ್ತಿದ್ದರು. ಈಗ ವರದಿಯಲ್ಲಿ ಅದನ್ನು ಫ್ಲೋರೆಸೆನ್ಸ್ ಎಂದು ನಮೂದಿಸುತ್ತಾರೆ, ವಿಪರೀತವಿದ್ದರೆ ಬೆಲೆ ತಗ್ಗುತ್ತದೆ. ಅಜ್ಜಿಗೆ ಹೆಮ್ಮೆಯಾಗಿದ್ದುದು ಮೊಮ್ಮಗಳಿಗೆ ರಿಯಾಯಿತಿ! ಬಿಸಿಲಲ್ಲಿ ಕಲ್ಲು ಹಾಲಿನಂತೆ ಮಂಕಾಗದಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ.

ಐಜಿಐ ಅಥವಾ ಜಿಐಎ (ವಜ್ರ ಪರೀಕ್ಷಿಸುವ ಇನ್ನೊಂದು ಸಂಸ್ಥೆ) ವರದಿಯ ಸಂಖ್ಯೆಯನ್ನು ಆ ಸಂಸ್ಥೆಗಳ ಜಾಲತಾಣದಲ್ಲೇ ಹಾಕಿ ನೋಡಿ, ಮಾರಾಟಗಾರರು ಕಳಿಸಿದ ಪಿಡಿಎಫ್ ಸಾಲದು. ವರದಿ ಬಿಡಿಕಲ್ಲಿನದೋ ತಯಾರಾದ ಉಂಗುರದ್ದೋ ಎಂಬುದೂ ಮುಖ್ಯ. ಉಂಗುರದ ವರದಿಯಲ್ಲಿ ಕಲ್ಲನ್ನು ಕೂರಿಸಿದ ಸ್ಥಿತಿಯಲ್ಲೇ ನೋಡಿ ದರ್ಜೆ ಅಂದಾಜಿಸಿರುತ್ತಾರೆ. ಪುಡಿಗಲ್ಲುಗಳಿಗೆ ಅಷ್ಟು ಸಾಕು, 30 ಸೆಂಟಿನ ಒಂಟಿ ಕಲ್ಲಿಗೆ ಬಿಡಿಕಲ್ಲಿನ ವರದಿಯನ್ನೇ ಕೇಳಿ. ಆ ಸಂಖ್ಯೆ ಕಲ್ಲಿನ ಸೊಂಟದಂಚಿನಲ್ಲಿ ಲೇಸರಿನಿಂದ ಕೊರೆದಿದ್ದರೆ ಇನ್ನೂ ಒಳ್ಳೆಯದು. ಊರಿನ ಯಾವುದಾದರೂ ಅಂಗಡಿಯಲ್ಲಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ (ಲೂಪ್) ಹಿಡಿದು ಓದಿಸಬಹುದು. ಅಂಗಡಿಯವರು ‘ಇಎಫ್-ವಿವಿಎಸ್’ (ಇ-ಎಫ್ ಬಣ್ಣ, ವಿವಿಎಸ್ ಶುಚಿ) ಎಂದಷ್ಟೇ ಬರೆದಿರುವುದು ಅವರದೇ ಮಾತು. ಯಾವ ಪ್ರಯೋಗಾಲಯದ ದರ್ಜೆ ಎಂದು ಹೇಳದೆ ಅದಕ್ಕೆ ಬೆಲೆಯಿಲ್ಲ. ಪ್ರಯೋಗಾಲಯಗಳಲ್ಲೂ ಕೈ ಸಡಿಲ ಇರುವವರಿದ್ದಾರೆ, ಒಂದೇ ಕಲ್ಲು ಒಂದೆರಡು ದರ್ಜೆ ಮೇಲೇರಿಬಿಡುತ್ತದೆ.

ಚಿನ್ನದ ಪರೀಕ್ಷೆ ಸುಲಭ. ಉಂಗುರದ ಒಳಮೈಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, 18 ಕ್ಯಾರೆಟ್ಟಿಗೆ (ಚಿನ್ನದಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆ) 750 ಎಂಬ ಅಂಕಿ, ಆ ಒಡವೆಗಷ್ಟೇ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ (ಎಚ್‌ಯುಐಡಿ) ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧತೆ, ಯಾರ ನೋಂದಣಿ ಎಲ್ಲವೂ ಬರುತ್ತದೆ. ಸರ ಎಂದು ಬಂದರೆ ನಿಮ್ಮ ಉಂಗುರದ್ದಲ್ಲ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಮಾರುವಂತಿಲ್ಲ. ಎರಡು ಗ್ರಾಮಿಗಿಂತ ಕಡಿಮೆ ತೂಗುವ ಒಡವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಈ ಗುರುತು ಚಿನ್ನಕ್ಕಷ್ಟೇ, ವಜ್ರದ ಬಗ್ಗೆ ಏನೂ ಹೇಳುವುದಿಲ್ಲ. 22 ಕ್ಯಾರೆಟ್ಟಿನಲ್ಲಿ ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಮೆತ್ತಗಿನ ಚಿನ್ನದ ಕೊಕ್ಕೆ ಬೇಗ ಬಾಗಿ ಕಲ್ಲು ಉದುರುತ್ತದೆ.

ಲ್ಯಾಬ್ ವಜ್ರ ನಿಜವಾದ ವಜ್ರವೇ, ಅದೇ ಇಂಗಾಲ, ಅದೇ ಗಡಸುತನ. ಸಿವಿಡಿ (ಅನಿಲದಿಂದ ಪದರ ಪದರವಾಗಿ) ಅಥವಾ ಎಚ್‌ಪಿಎಚ್‌ಟಿ (ಅತಿ ಒತ್ತಡ, ಅತಿ ಶಾಖದಲ್ಲಿ) ವಿಧಾನದಲ್ಲಿ ಬೆಳೆಸುತ್ತಾರೆ, ಸೂರತ್ತಿನಲ್ಲೂ ದೊಡ್ಡ ಪ್ರಮಾಣದಲ್ಲಿ ಆಗುತ್ತಿದೆ. ಅಂಗಡಿಯ ಮೇಜಿನ ಮೇಲಿನ ಸಾಮಾನ್ಯ ಟೆಸ್ಟರ್ ಎರಡನ್ನೂ ‘ಡೈಮಂಡ್’ ಎಂದೇ ತೋರಿಸುತ್ತದೆ, ಬೇರ್ಪಡಿಸಲು ಪ್ರಯೋಗಾಲಯದ ಉಪಕರಣ ಬೇಕು. ಪೂರೈಕೆ ಹೆಚ್ಚಿದಂತೆ ಬೆಲೆ ಬಿದ್ದಿದೆ, ಮರುಮಾರಾಟದಲ್ಲಿ ಕೈಗೆ ಹೆಚ್ಚೇನೂ ಬರುವುದಿಲ್ಲ. ಇವಕ್ಕೆ ನೈಸರ್ಗಿಕ ವಜ್ರದ ಬಣ್ಣ-ಶುಚಿ ದರ್ಜೆಗಳನ್ನು ಕೊಡುವುದಿಲ್ಲವೆಂದು ಜಿಐಎ 2025ರಲ್ಲಿ ಘೋಷಿಸಿತು. ಕಣ್ತುಂಬ ಕಾಣುವ ಕಲ್ಲು ಬೇಕು, ಮಾರುವ ಯೋಚನೆಯಿಲ್ಲ ಎಂದಾದರೆ ತಪ್ಪೇನಿಲ್ಲ. ಬೀಗರಿಗೆ ಮಾತ್ರ ಮೊದಲೇ ಹೇಳಿಬಿಡಿ. ನೈಸರ್ಗಿಕ ಕಲ್ಲು ಕೊಳ್ಳುವುದಾದರೆ ಬಿಲ್ಲಿನಲ್ಲಿ ‘ನೈಸರ್ಗಿಕ ವಜ್ರ’ ಎಂದೇ ಬರೆಸಿ, ಪಕ್ಕದ ಪುಡಿಗಲ್ಲುಗಳಿಗೂ ಸೇರಿಸಿ. ಕಲಬೆರಕೆ ಹೆಚ್ಚಾಗಿ ಆಗುವುದು ಅವುಗಳಲ್ಲೇ. ‘ಮೊಯಿಸನೈಟ್ ಡೈಮಂಡ್’ ಎಂಬುದು ವಜ್ರವಲ್ಲ, ಸಿಲಿಕಾನ್ ಕಾರ್ಬೈಡ್. ಅದರ ಬೆಲೆಗೆ ಅದನ್ನು ಕೊಳ್ಳಬಹುದು.

ಬೆಲೆ ಹೋಲಿಸುವಾಗ ಇಬ್ಬರಿಂದಲೂ ನಾಲ್ಕು ಅಂಕಿ ಬೇರೆ ಬೇರೆಯಾಗಿ ಪಡೆಯಿರಿ: ನಿವ್ವಳ ಚಿನ್ನಕ್ಕೆಷ್ಟು, ಕಲ್ಲಿಗೆಷ್ಟು, ವೇಸ್ಟೇಜ್-ಮಜೂರಿ ಸೇರಿ ರೂಪಾಯಿಯಲ್ಲೆಷ್ಟು, ಶೇ 3ರ ಜಿಎಸ್‌ಟಿ ಎಷ್ಟು. ‘ಮೇಕಿಂಗ್ ಮೇಲೆ ಶೇ 50 ರಿಯಾಯಿತಿ’ ಎನ್ನುವವರು ಕಲ್ಲಿನ ದರದಲ್ಲಿ ಅದನ್ನು ತುಂಬಿಕೊಂಡಿರಬಹುದು, ಬಿಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಬಿಲ್ ಬೇಡವೆಂದರೆ ಮೂರು ಸಾವಿರ ಉಳಿಯುತ್ತದೆ ಎಂಬ ಆಮಿಷಕ್ಕೆ ಬೀಳಬೇಡಿ. ಕಚ್ಚಾ ಚೀಟಿ ಹಿಡಿದು ನಾಳೆ ಬದಲಾಯಿಸಲು ಹೋದರೆ ಯಾರೂ ಕೇಳುವುದಿಲ್ಲ. ತಮ್ಮನ ಉಂಗುರವೂ ಸೇರಿ ಒಂದೇ ಬಿಲ್ಲು ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು, ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ಪಡೆಯುವಂತಿಲ್ಲ. ಮರುಖರೀದಿಯ ಷರತ್ತು ಬರಹದಲ್ಲಿರಲಿ: ಶೇ 90 ಎಂದರೆ ಬಿಲ್ಲಿನ ಬೆಲೆಯದೋ ಅಂದಿನ ದರದ್ದೋ, ನಗದೋ ಬದಲಿ ಒಡವೆಯೋ. ಮಜೂರಿ, ಜಿಎಸ್‌ಟಿ ಸಾಮಾನ್ಯವಾಗಿ ಮರಳುವುದಿಲ್ಲ.

ನಮ್ಮ ಸಲಹೆ ಇದು. ಆನ್‌ಲೈನ್ ಕಲ್ಲಿನ ವಿವರವನ್ನು ಹಿಡಿದು ಊರಿನ ಎರಡು ಅಂಗಡಿಗೆ ಹೋಗಿ, ‘ಇದೇ ದರ್ಜೆಯ ಬಿಡಿಕಲ್ಲು, ವರದಿ ಸಮೇತ, ಆರು ಕೊಕ್ಕೆಯ ಉಂಗುರದಲ್ಲಿ ಕೂರಿಸಿಕೊಡಲು ಎಷ್ಟು?’ ಎಂದು ಕೇಳಿ. ವ್ಯತ್ಯಾಸ ಶೇ 5ರೊಳಗಿದ್ದರೆ ಊರಲ್ಲೇ ಮಾಡಿಸಿ. ಅಳತೆ ತಿದ್ದಲು, ಆರು ತಿಂಗಳಿಗೊಮ್ಮೆ ಕೊಕ್ಕೆ ಬಿಗಿ ಮಾಡಿಸಲು ಅಂಗಡಿ ಹತ್ತಿರವಿರುವುದಕ್ಕೆ ಅಷ್ಟು ಕೊಡಬಹುದು. ಅವರು ವರದಿಯ ಮಾತು ತಪ್ಪಿಸಿದರೆ ಆನ್‌ಲೈನ್‌ನಲ್ಲೇ ತರಿಸಿ. ಅಂಗಡಿಯಲ್ಲಿ ನೋಡುವಾಗ ಕಲ್ಲನ್ನು ದೀಪದ ಕೆಳಗಲ್ಲ, ಬಾಗಿಲ ಬಳಿ ನೆರಳಿನ ಹಗಲಲ್ಲಿ ನೋಡಿ. ಆ ದೀಪಗಳ ಕೆಳಗೆ ಗಾಜೂ ಮಿನುಗುತ್ತದೆ. ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿ, ಕಟಕಟ ಸದ್ದು ಬಂದರೆ ಕಲ್ಲು ಸಡಿಲ. ರೇಷ್ಮೆ ಸೆರಗಿನ ಮೇಲೆ ಮೆಲ್ಲಗೆ ಆಡಿಸಿ, ನೂಲು ಸಿಕ್ಕಿಕೊಂಡರೆ ಕೊಕ್ಕೆ ಎದ್ದಿದೆ.

ಆನ್‌ಲೈನ್ ಆದರೆ ಈ ವಾರವೇ ಆರ್ಡರ್ ಮಾಡಿ. ಮಾಡಿಸಿಕೊಡುವ ಉಂಗುರಕ್ಕೆ ಎರಡು-ಮೂರು ವಾರ ಹಿಡಿಯಬಹುದು, ಅಳತೆ ತಪ್ಪಿದರೆ ಮತ್ತೊಂದು ಸುತ್ತು. ಪೊಟ್ಟಣದ ಮುದ್ರೆ ಹರಿದಿದ್ದರೆ ಒಟಿಪಿ ಕೊಡದೆ ಮರಳಿಸಿ, ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಹೆಸರು ಕೆತ್ತಿಸಿದರೆ ಹಲವರು ವಾಪಸ್ ಪಡೆಯುವುದಿಲ್ಲ, ಕೆತ್ತನೆ ಮದುವೆಯ ಹೊತ್ತಿಗಿರಲಿ. ಅಳತೆಯನ್ನು ಗುಟ್ಟಾಗಿಡಬೇಕೆಂಬ ತಮ್ಮನ ಆಸೆ ಚೆನ್ನಾಗಿದೆ, ಆದರೆ ಬೀಗಿತ್ತಿಯವರನ್ನು ಒಂದು ಮಾತು ಕೇಳಿ, ಹುಡುಗಿ ಅದೇ ಬೆರಳಿಗೆ ತೊಡುವ ಉಂಗುರದ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ತರಿಸಿಕೊಳ್ಳಿ. ನಂಬರು ದೇಶಕ್ಕೊಂದು ಥರ, ಮಿಲಿಮೀಟರ್ ಎಲ್ಲ ಕಡೆ ಒಂದೇ. ಬೆರಳಲ್ಲೇ ಅಳೆಯುವುದಾದರೆ ಮಧ್ಯಾಹ್ನದ ನಂತರ ಅಳೆಯಿರಿ, ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ.

– ಸಂ.