ನೆತ್ತಿಯ ಮೇಲೆ ತಂತಿ ಸಡಿಲವಾದರೆ: ಕಂಟ್ರೋಲ್ ಲೈನ್ ಸ್ಟಂಟ್ ವಿಮಾನದ ಪ್ರಶ್ನೆಗಳು

ಪ್ರಶ್ನೆ: ಎನ್‌ಸಿಸಿ ವಾಯು ವಿಭಾಗದಲ್ಲಿದ್ದಾಗ ಕಂಟ್ರೋಲ್ ಲೈನ್ ವಿಮಾನ (ತಂತಿ ಹಿಡಿದು ನಮ್ಮ ಸುತ್ತ ಹಾರಿಸುವ ಮಾದರಿ) ಹಾರಿಸಲು ಕಲಿತೆ. ಈಗ ಬಾಲ್ಸಾ ಎಂಬ ಹಗುರ ಮರದಲ್ಲಿ ಸ್ಟಂಟ್ (ಕಸರತ್ತು) ಮಾದರಿಯೊಂದನ್ನು ಕಟ್ಟಿದ್ದೇನೆ. 35ರ (0.35 ಘನ ಅಂಗುಲದ) ಎಂಜಿನ್, 10x5 ಪ್ರೊಪೆಲ್ಲರ್ (ವ್ಯಾಸ 10, ಪಿಚ್ 5 ಅಂಗುಲ), 60 ಅಡಿ ತಂತಿ, ತೂಕ 1 ಕೆ.ಜಿ. ಒಂದು ಸುತ್ತಿಗೆ 6 ಸೆಕೆಂಡ್ ಹಿಡಿಯುತ್ತದೆ. ಸಮಮಟ್ಟದಲ್ಲಿ ಚೆನ್ನಾಗಿಯೇ ಹಾರುತ್ತದೆ, ಆದರೆ ವಿಂಗ್‌ಓವರ್‌ನಲ್ಲಿ (ನೇರ ಮೇಲೇರಿ ತಲೆಯ ಮೇಲಿಂದ ಆಚೆ ಬದಿಗೆ ಇಳಿಯುವ ಕಸರತ್ತು) ನೆತ್ತಿಯ ಮೇಲೆ ಬಂದಾಗ ತಂತಿ ಜೋತುಬಿದ್ದು ಹಿಡಿತ ತಪ್ಪುತ್ತದೆ. ಏಕೆ?

ಉತ್ತರ: ಮೊದಲು ಸುತ್ತಿನ ವೇಗ ನೋಡಿ. ಕೈಯ ಅಳತೆ ಸೇರಿ ನಿಮ್ಮ ವೃತ್ತದ ತ್ರಿಜ್ಯ ಸುಮಾರು 19 ಮೀಟರ್. 6 ಸೆಕೆಂಡಿನ ಸುತ್ತಿನಲ್ಲಿ ತಂತಿಯ ಎಳೆತ ವಿಮಾನದ ತೂಕದ ಸುಮಾರು 2.1 ಪಟ್ಟು, ಅಂದರೆ ಎರಡು ಕಿಲೋ ಚಿಲ್ಲರೆ. ನೆತ್ತಿಯ ಮೇಲೆ ವಿಮಾನದ ತೂಕ ನೇರ ನಿಮ್ಮ ಕಡೆಗೇ ಎಳೆಯುವುದರಿಂದ ಅದರಲ್ಲಿ ಒಂದು ಕಿಲೋ ಕಳೆದುಹೋಗುತ್ತದೆ. ಮೇಲೇರುವಾಗ ತಗ್ಗುವ ವೇಗವೂ ಸೇರಿದರೆ ಕೈಗೆ ಉಳಿಯುವುದು ಒಂದು ಕಿಲೋಗಿಂತ ಕಡಿಮೆ. ಸುತ್ತು 5.2 ಸೆಕೆಂಡಿಗೆ ಇಳಿದರೆ ಎಳೆತ 2.8 ಕಿಲೋ ಆಗುತ್ತದೆ. ಆ ಮುಕ್ಕಾಲು ಕಿಲೋದಲ್ಲಿ ನಿಮ್ಮ ಸಮಸ್ಯೆಯ ಬಹುಪಾಲು ತೀರುತ್ತದೆ. ಪ್ರೊಪೆಲ್ಲರ್ ಅನ್ನು 10x6ಕ್ಕೆ ಬದಲಿಸಿ ನೋಡಿ. ನೀಡಲ್ ಅನ್ನು (ಇಂಧನದ ಹರಿವು ಹೊಂದಿಸುವ ತಿರುಪು) ತೀರಾ ಬಿಗಿಮಾಡಿ ವೇಗ ಗಳಿಸಲು ಹೋಗಬೇಡಿ, ಎಂಜಿನ್ ಕಾದು ಮಧ್ಯದಲ್ಲೇ ಕುಸಿಯುತ್ತದೆ.

ಇಷ್ಟಾದರೂ ಸಡಿಲವಿದ್ದರೆ ನೇರವಾಗಿ ನಾಲ್ಕು ಸುತ್ತು, ತಲೆಕೆಳಗಾಗಿ ನಾಲ್ಕು ಸುತ್ತು ಹಾರಿಸಿ ರೆಕ್ಕೆಗಳನ್ನು ಗಮನಿಸಿ. ನೇರ ಹಾರಾಟದಲ್ಲಿ ಹೊರ ರೆಕ್ಕೆ ಎದ್ದು, ತಲೆಕೆಳಗಾದಾಗ ಅದೇ ರೆಕ್ಕೆ ತಗ್ಗಿದರೆ ರೆಕ್ಕೆ ತಿರುಚಿಕೊಂಡಿದೆ ಎಂದರ್ಥ. ಫಿಲ್ಮ್ ಹೊದಿಕೆಯಾದರೆ ಹೀಟ್ ಗನ್‌ನಿಂದ ಬಿಸಿಮಾಡಿ, ಎದುರು ದಿಕ್ಕಿಗೆ ತಿರುಚಿ, ತಣ್ಣಗಾಗುವವರೆಗೆ ಹಾಗೇ ಹಿಡಿಯಿರಿ. ಎರಡೂ ಸ್ಥಿತಿಯಲ್ಲಿ ಹೊರ ರೆಕ್ಕೆಯೇ ಎದ್ದಿದ್ದರೆ ಅದರ ತುದಿಯಲ್ಲಿ ತೂಕ ಸಾಲದು. ಈ ಗಾತ್ರದ ಮಾದರಿಗೆ 20ರಿಂದ 30 ಗ್ರಾಂ ಬೇಕು. ಒಮ್ಮೆಗೆ 3 ಗ್ರಾಂನಂತೆ ಸೇರಿಸುತ್ತ ಹೋಗಿ. ಚೌಕ ಲೂಪಿನ ಮೂಲೆಯಲ್ಲಿ ಹೊರ ರೆಕ್ಕೆ ಜೋಲಿ ಹೊಡೆಯತೊಡಗಿದರೆ ತೂಕ ಹೆಚ್ಚಾಯಿತು, ಒಂದು ತುಂಡು ತೆಗೆಯಿರಿ.

ಲೀಡ್‌ಔಟ್ (ರೆಕ್ಕೆಯ ತುದಿಯಿಂದ ಹೊರಬಂದು ಹಾರಾಟದ ತಂತಿಗೆ ಸೇರುವ ತುಂಡು ತಂತಿ) ಜಾಗವನ್ನೂ ಅಳೆಯಿರಿ. ಗಾಳಿಯ ತಡೆಯಿಂದ ತಂತಿಗಳು ಹಿಂದಕ್ಕೆ ಬಾಗುತ್ತವೆ. ಆದ್ದರಿಂದ ರೆಕ್ಕೆಯ ತುದಿಯಲ್ಲಿ ಎರಡು ಲೀಡ್‌ಔಟ್‌ಗಳ ನಡುಬಿಂದು ಗುರುತ್ವ ಕೇಂದ್ರಕ್ಕಿಂತ 15ರಿಂದ 20 ಮಿ.ಮೀ. ಹಿಂದಿರಬೇಕು. ಮುಂದಿದ್ದರೆ ಮೂಗು ವೃತ್ತದ ಒಳಗೆ ತಿರುಗಿ ತಂತಿ ಸಡಿಲವಾಗುತ್ತದೆ. ತೀರಾ ಹಿಂದಿದ್ದರೆ ವಿಮಾನ ಓರೆಯಾಗಿ ಸಾಗಿ ವೇಗ ಕಳೆದುಕೊಳ್ಳುತ್ತದೆ.

ಕಸರತ್ತುಗಳನ್ನು ಯಾವಾಗಲೂ ಗಾಳಿಗೆ ಬೆನ್ನು ಕೊಟ್ಟು ಮಾಡಿ. ಆಗ ಗಾಳಿ ವಿಮಾನವನ್ನು ನಿಮ್ಮಿಂದ ಹೊರಕ್ಕೆ ತಳ್ಳುತ್ತದೆ. ಸಡಿಲವಾಯಿತೆಂದು ಕೈಗೆ ಗೊತ್ತಾದ ಕೂಡಲೇ ವಿಮಾನದಿಂದ ದೂರಕ್ಕೆ ಎರಡು ಮೂರು ಹೆಜ್ಜೆ ಹಿಂದೆ ಸರಿದು ಹ್ಯಾಂಡಲ್ ಎಳೆಯಿರಿ. ಎಲಿವೇಟರ್ (ವಿಮಾನವನ್ನು ಏರಿಸಿ ಇಳಿಸುವ ಬಾಲದ ಫಲಕ) ಅಲುಗಿಸಬೇಡಿ: ಸಡಿಲ ತಂತಿಯಲ್ಲಿ ಅದು ಕೇಳುವುದಿಲ್ಲ, ತಂತಿ ಬಿಗಿಯಾದ ಕ್ಷಣದಲ್ಲಿ ಮಾತ್ರ ವಿಪರೀತವಾಗಿ ಕೇಳುತ್ತದೆ.

ಪ್ರಶ್ನೆ: ತಲೆಕೆಳಗಾದ ಕೂಡಲೇ ಎಂಜಿನ್ ಸದ್ದು ಏರಿ ವೇಗ ಹೆಚ್ಚುತ್ತದೆ, ನೇರ ಹಾರಾಟದಲ್ಲಿ ಮತ್ತೆ ಮಂದವಾಗುತ್ತದೆ. ನೀಡಲ್ ಎಷ್ಟು ತಿರುಗಿಸಿದರೂ ಸರಿಹೋಗದು.

ಉತ್ತರ: ಅದು ನೀಡಲ್ಲಿನ ತಪ್ಪಲ್ಲ, ಟ್ಯಾಂಕಿನ ಎತ್ತರದ್ದು. ಟ್ಯಾಂಕ್ ಮೇಲೆ ಕೂತಿದೆ. ವಿಮಾನ ಮಗುಚಿದಾಗ ಅದು ಎಂಜಿನ್‌ಗಿಂತ ಕೆಳಗಾಗಿ ಇಂಧನ ಕಡಿಮೆ ಸಿಗುತ್ತದೆ, ಮಿಶ್ರಣ ತೆಳುವಾಗಿ ವೇಗ ಏರುತ್ತದೆ. ಟ್ಯಾಂಕನ್ನು ಹೊಟ್ಟೆಯ ಕಡೆಗೆ 1.5 ಮಿ.ಮೀ. ಇಳಿಸಿ, ಸ್ಟಾಪ್‌ವಾಚ್ ಹಿಡಿದು ಎರಡೂ ಸ್ಥಿತಿಯ ಸುತ್ತುಗಳನ್ನು ಹೋಲಿಸಿ. ವ್ಯತ್ಯಾಸ 0.1 ಸೆಕೆಂಡಿನೊಳಗೆ ಬರುವವರೆಗೆ ಹೀಗೇ ಹೊಂದಿಸಿ. ನೇರ ಹಾರಾಟದಲ್ಲಿ ವೇಗ ಹೆಚ್ಚಿದ್ದರೆ ಟ್ಯಾಂಕನ್ನು ಮೇಲೆತ್ತಬೇಕು. ಸುತ್ತುವಾಗ ಇಂಧನ ಹೊರಗೋಡೆಗೆ ಒತ್ತಿಕೊಳ್ಳುವುದರಿಂದ ಎಂಜಿನ್‌ಗೆ ಇಂಧನ ಒಯ್ಯುವ ಒಳಕೊಳವೆಯ ತುದಿ ಟ್ಯಾಂಕಿನ ಹೊರ-ಹಿಂದಿನ ಮೂಲೆಯಲ್ಲಿಯೇ ಇರಲಿ. ಟ್ಯಾಂಕಿನ ಹಿಂದೆ ಸ್ಪಾಂಜ್ ಇಟ್ಟರೆ ಕಂಪನದಿಂದ ನೊರೆ ಏಳುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮ ಶಾಲಾ ಮೈದಾನದ ಒಂದು ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದೆ. ಇನ್ನೊಂದು ಬದಿಯಲ್ಲಿ ಹಾರಿಸಬಹುದೇ?

ಉತ್ತರ: ನೀವು ಕೈಯಲ್ಲಿ ಹಿಡಿದಿರುವುದು ಸುಮಾರು 18 ಮೀಟರ್ ಉದ್ದದ ಉಕ್ಕಿನ ತಂತಿ. ಅದು ಕಂಬದ ತಂತಿಗೆ ತಾಕಿದರೆ ಹಾರಿಸುವವರು ಉಳಿಯುವುದು ಕಷ್ಟ. ಕೈತಪ್ಪಿದ ವಿಮಾನವೂ ತಂತಿಯನ್ನು ಎಳೆದುಕೊಂಡೇ ದೂರ ಹಾರುತ್ತದೆ. ಆದ್ದರಿಂದ ಆ ಮೈದಾನ ಬೇಡ. ಗುಡುಗಿನ ಮೋಡ ಕಂಡರೂ ಹಾರಾಟ ನಿಲ್ಲಿಸಿ. ಬೇರೆ ಮೈದಾನದಲ್ಲಿ ಪ್ರತಿದಿನ ಮೊದಲ ಹಾರಾಟಕ್ಕೆ ಮುಂಚೆ ಒಬ್ಬರು ವಿಮಾನವನ್ನು ಬೆಲ್‌ಕ್ರ್ಯಾಂಕಿನ (ತಂತಿಯ ಎಳೆತವನ್ನು ಎಲಿವೇಟರ್‌ಗೆ ಮುಟ್ಟಿಸುವ, ವಿಮಾನದೊಳಗಿನ ಸನ್ನೆ) ಬಳಿ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಹ್ಯಾಂಡಲ್ಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ವಿಮಾನದ ತೂಕದ ಹತ್ತು ಪಟ್ಟು ಎಳೆಯಿರಿ, ನಿಮ್ಮದಕ್ಕೆ 10 ಕಿಲೋ. ಹ್ಯಾಂಡಲ್ಲಿನ ಸುರಕ್ಷಾ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡ ಮೇಲೆಯೇ ವಿಮಾನ ಬಿಡಲು ಕೈಸನ್ನೆ ಮಾಡಿ.