ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸ್ನೋ ಎಮರ್ಜೆನ್ಸಿ (ಹಿಮ ತೆಗೆಯಲು ರಸ್ತೆಬದಿ ಪಾರ್ಕಿಂಗ್ ನಿಲ್ಲಿಸುವ ಘೋಷಣೆ) ಬಂದಾಗ ಕಾರು ಎಲ್ಲಿಡಬೇಕು? ಚಳಿಗಾಲ ಪೂರ್ತಿ ಗ್ಯಾರೇಜ್ ಬಾಡಿಗೆಗೆ ಹಿಡಿಯುವುದು ವಾಸಿಯಾ?

ಗ್ಯಾರೇಜ್ ಬೇಡ. ಮೈಸೂರಿನಿಂದ ಬಂದ ಮೊದಲ ಚಳಿಗಾಲ ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ಆದರೆ ನನ್ನ ಕಾರು ಟೋ ಆಗಿದ್ದು ಗ್ಯಾರೇಜ್ ಇಲ್ಲ ಅಂತಲ್ಲ, ಒಂದೇ ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡಿದ್ದಕ್ಕೆ.

ಇಲ್ಲಿ ಎಮರ್ಜೆನ್ಸಿ ಅಂದರೆ ಮೂರು ಸರದಿ. ಸಂಜೆ 6ರೊಳಗೆ ಘೋಷಿಸುತ್ತಾರೆ. ಅವತ್ತು ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ರೂಟ್ ಅಂತ ಗುರುತಿರುವ ದೊಡ್ಡ ರಸ್ತೆಗಳ ಎರಡೂ ಬದಿ ಖಾಲಿ ಇರಬೇಕು. ಮರುದಿನ 8ರಿಂದ ರಾತ್ರಿ 8ರವರೆಗೆ ಉಳಿದ ಬೀದಿಗಳಲ್ಲಿ ಸಮ ಸಂಖ್ಯೆಯ ಮನೆಗಳ ಬದಿ, ಜೊತೆಗೆ ಪಾರ್ಕ್‌ವೇಗಳ (ಪಾರ್ಕು, ಕೆರೆಗಳ ಪಕ್ಕದ ರಸ್ತೆಗಳ) ಎರಡೂ ಬದಿ. ಅದರ ಮರುದಿನ ಬೆಸ ಸಂಖ್ಯೆಯ ಬದಿ. ಬೀದಿ "ಪೂರ್ತಿ" ಪ್ಲೋ ಆದಮೇಲೆ, ಅಂದರೆ ಹಿಮ ತಳ್ಳುವ ಗಾಡಿ ಕೆಲಸ ಮುಗಿಸಿದ ಮೇಲೆ, ಅವಧಿ ಮುಗಿಯುವ ಮೊದಲೇ ಕಾರು ವಾಪಸ್ ನಿಲ್ಲಿಸಬಹುದು.

ಆ "ಪೂರ್ತಿ"ಯಲ್ಲೇ ನಾನು ಕೆಟ್ಟೆ. ಎರಡನೇ ದಿನ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಪ್ಲೋ ಹೋಗಿದ್ದನ್ನು ಕಣ್ಣಾರೆ ನೋಡಿದೆ. ಬೀದಿ ನಡುವೆ ಕಪ್ಪು ಟಾರು ಕಾಣುತ್ತಿತ್ತು, ಇನ್ನೇನು ಮುಗೀತಲ್ವಾ ಅಂತ ಕೆಳಗಿಳಿದು ಕಾರನ್ನು ಸಮ ಬದಿಗೆ ತಂದಿಟ್ಟೆ. ಆದರೆ ಅಂಚಿನಲ್ಲಿ ಗದ್ದೆ ಬದುವಿನ ಹಾಗೆ ಮೊಣಕಾಲೆತ್ತರ ಹಿಮ ಕೂತಿತ್ತು, ಬಲಗಡೆ ಚಕ್ರಗಳು ಅದರ ಮೇಲೇ ಹತ್ತಿ ನಿಂತಿದ್ದವು, ಆಗಲಾದರೂ ನನಗೆ ಹೊಳೆಯಬೇಕಿತ್ತು. ಪ್ಲೋ ಒಂದೇ ಸಲಕ್ಕೆ ಮುಗಿಸುವುದಿಲ್ಲ. ಮೊದಲು ನಡುವೆ ದಾರಿ ಮಾಡುತ್ತೆ, ಆಮೇಲೆ ಮತ್ತೆ ಬಂದು ಆ ಬದುವನ್ನು ಫುಟ್‌ಪಾತ್ ಅಂಚಿನವರೆಗೂ ತಳ್ಳುತ್ತೆ. ಅಂಚಿನ ಕಲ್ಲು ಕಾಣುವವರೆಗೆ ಪೂರ್ತಿ ಆಗಿಲ್ಲ ಅಂತಲೇ ತಿಳಿಯಿರಿ. ಮಧ್ಯಾಹ್ನ ನೋಡಿದರೆ ಕಾರಿಲ್ಲ. ದಂಡ ಬೇರೆ, ಟೋ ಖರ್ಚು ಬೇರೆ, ಟೋ ಮಾಡಿದ ಕಾರನ್ನು ಅವರ ಜಾಗದಲ್ಲಿ ಇಟ್ಟುಕೊಂಡಿದ್ದಕ್ಕೆ ದಿನದ ಬಾಡಿಗೆ ಬೇರೆ.

ಇದು ನಗರದವರು ದುಡ್ಡು ಕೀಳುವ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಟ್ಟ ಹಿಮ ಕಲ್ಲಾಗಿ ಹೆಪ್ಪುಗಟ್ಟುತ್ತೆ, ಬೀದಿ ಕಿರಿದಾಗುತ್ತೆ, ಅಗ್ನಿಶಾಮಕದ ಗಾಡಿ ನುಗ್ಗಲು ಜಾಗ ಇರುವುದಿಲ್ಲ. 2023ರ ಜನವರಿಯಲ್ಲಿ ಹೀಗಾಗಿಯೇ ಸಣ್ಣ ಬೀದಿಗಳ ಸಮ ಬದಿಯಲ್ಲಿ ಪಾರ್ಕಿಂಗನ್ನೇ ನಿಲ್ಲಿಸಬೇಕಾಯಿತು.

ಗ್ಯಾರೇಜ್ ದುಡ್ಡಲ್ಲಿ ಒಳ್ಳೆ ಬೂಟು, ಸಲಿಕೆ ತಗೊಳ್ಳಿ. ನಗರದ ಅಲರ್ಟ್‌ಗೆ ಫೋನ್ ನಂಬರ್ ಕೊಡಿ. ನಿಮ್ಮದು ಯಾವ ಬೀದಿ ಅಂತ ಕೆಳಗೆ ಬರೆಯಿರಿ, ರೂಟ್ ಹೌದೋ ಅಲ್ಲವೋ ನಾನೇ ನೋಡಿ ಹೇಳುತ್ತೇನೆ.