ಉರುಳೋದಕ್ಕಿಂತ ಮೊದಲು ಬೀಳೋದು ಕಲಿಯಿರಿ

ಪ್ರಶ್ನೆ: ನನಗೆ 61 ವರ್ಷ. ನಿವೃತ್ತಿಯಾಗಿ ಒಂದು ವರ್ಷವಾಯಿತು. ದಿನಾ ವಾಕಿಂಗ್ ಹೋಗಿ ಹೋಗಿ ಬೇಜಾರು ಬಂದಿದೆ. ಮೊಮ್ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂತಿರುತ್ತೇನೆ. ನೋಡುತ್ತಾ ನೋಡುತ್ತಾ ನನಗೂ ಕಲಿಯುವ ಆಸೆಯಾಗಿದೆ. 'ಈ ವಯಸ್ಸಲ್ಲಿ ಮೂಳೆ ಮುರಿದರೆ ಏನಮ್ಮ ಗತಿ' ಅಂತ ಮಗಳು ಗದರುತ್ತಾಳೆ. ವ್ಯಾಯಾಮಕ್ಕೆ ಅಂತ ಸ್ಕೇಟಿಂಗ್ ಕಲಿಯಬಹುದಾ?

ಉತ್ತರ: ಕಲಿಯಬಹುದು. ನಾನು ಮೊದಲ ಸಲ ಸ್ಕೇಟ್ ಕಟ್ಟಿದಾಗ ನನಗೆ 58. ಈಗ 66. ವಾರಕ್ಕೆ ಮೂರು ದಿನ ಸ್ಕೇಟ್ ಮಾಡುತ್ತೇನೆ.

ಆದರೆ ನಿಮ್ಮ ಮಗಳ ಭಯ ಸುಳ್ಳಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಹಾಗಾಗಿ ಸ್ಕೇಟ್ ಕೊಳ್ಳುವ ಮೊದಲೇ ಡಾಕ್ಟರ ಹತ್ತಿರ ಹೋಗಿ. ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಕೇಳಿ. ಅದರಲ್ಲಿ ಟಿ-ಸ್ಕೋರ್ ಅಂತ ಬರುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಸ್ಥಿತಿ. ಆಗ ಈ ಆಸೆಯನ್ನು ಬಿಟ್ಟುಬಿಡಿ ಅಂತಲೇ ನಾನು ಹೇಳುವುದು. ತಲೆಸುತ್ತು ಬರುತ್ತಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಅಂಥ ಮಾತ್ರೆ ತಗೊಳ್ಳುವವರಿಗೆ ತಲೆಗೆ ಬೀಳುವ ಸಣ್ಣ ಪೆಟ್ಟೂ ಅಪಾಯ.

ಡಾಕ್ಟರು ಒಪ್ಪಿದರಾ? ಹಾಗಾದರೆ ಹೆಲ್ಮೆಟ್, ನೀ ಪ್ಯಾಡ್, ಎಲ್ಬೋ ಪ್ಯಾಡ್, ರಿಸ್ಟ್ ಗಾರ್ಡ್ ಮೊದಲು ತಗೊಳ್ಳಿ. ಸ್ಕೇಟ್ ಆಮೇಲೆ. ರಿಸ್ಟ್ ಗಾರ್ಡ್ ವಿಷಯದಲ್ಲಿ ನಾನು ಅನುಭವಿಸಿದ್ದನ್ನು ಹೇಳಲೇಬೇಕು. ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ನೀರು ಕುಡಿಯಲು ಕೂತವಳು ಗಾರ್ಡ್ ಬಿಚ್ಚಿ ಪಕ್ಕದಲ್ಲಿಟ್ಟೆ. ಬ್ಯಾಗು ಎತ್ತಿಕೊಳ್ಳೋಣ ಅಂತ ಎದ್ದೆ, ಅಷ್ಟೇ. ಎರಡೂ ಸ್ಕೇಟ್ ಮುಂದಕ್ಕೆ ಜಾರಿದವು. ಬಲಗೈ ಊರಿಬಿಟ್ಟೆ. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿದ್ದೆ. ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಬೀಳುವಾಗ ಕೈ ತಾನಾಗಿಯೇ ಮುಂದೆ ಬರುತ್ತದೆ, ಅದನ್ನು ತಡೆಯುವುದು ಕಷ್ಟ. ಗಾರ್ಡ್‌ನ ಅಂಗೈ ಕಡೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ವಾ, ಅದು ನೆಲದ ಮೇಲೆ ಜಾರುತ್ತದೆ. ಕೈ ಗಕ್ಕನೆ ನಿಲ್ಲುವುದಿಲ್ಲ, ಮಣಿಕಟ್ಟು ಹಿಂದಕ್ಕೆ ಮಡಚುವುದೂ ಕಡಿಮೆ. ಆವತ್ತಿನಿಂದ ನನ್ನ ಲೆಕ್ಕ ಒಂದೇ: ಸ್ಕೇಟ್ ಕಟ್ಟುವ ಮೊದಲು ಗಾರ್ಡ್ ಕೈ ಹತ್ತಿರವೇ ಇರಬೇಕು, ಕಟ್ಟಿದ ಕೂಡಲೇ ಕೈಗೆ ಏರಬೇಕು. ಸ್ಕೇಟ್ ಕಾಲಲ್ಲಿ ಇರುವ ತನಕ ಅದನ್ನು ಬಿಚ್ಚುವ ಹಾಗಿಲ್ಲ.

ಇನ್ನು ಕಲಿಯುವುದು. ಮೊದಲ ವಾರ ಸ್ಕೇಟ್ ಬೇಡವೇ ಬೇಡ. ಪ್ಯಾಡ್ ಎಲ್ಲ ಹಾಕಿಕೊಂಡು ಮೆತ್ತನೆ ಚಾಪೆಯ ಮೇಲೆ ಬೀಳುವುದನ್ನು ಕಲಿಯಿರಿ. ಮಂಡಿ ಮಡಚಿ ಕುಗ್ಗಿ, ಒಂದು ಮಂಡಿ ಊರಿ, ಇನ್ನೊಂದು ಊರಿ, ಕೊನೆಗೆ ಅಂಗೈ. ಬೆರಳು ಮೇಲಕ್ಕೆ ಎತ್ತಿರಬೇಕು. ಏಳುವಾಗ ಒಂದು ಪಾದ ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಮೇಲೇಳಿ. ದಿನಕ್ಕೆ ಹತ್ತು ಸಲ ಹೀಗೆ ಬಿದ್ದು ಎದ್ದರೆ ತೊಡೆಗೂ ಒಳ್ಳೆಯ ವ್ಯಾಯಾಮವಾಗುತ್ತದೆ. ನಾನು ಇದನ್ನು ಎರಡು ವಾರ ಮಾಡಿದೆ. ಭಯ ಅರ್ಧಕ್ಕರ್ಧ ಇಳಿದದ್ದು ಇಲ್ಲೇ.

ಸ್ಕೇಟ್ ಯಾವುದು ಅಂತೀರಾ? ಹೊಸಬರಿಗೆ ನಾಲ್ಕು ಚಕ್ರದ ಕ್ವಾಡ್ ಚೆನ್ನ, ನಿಂತಲ್ಲಿ ಭದ್ರ ಅನ್ನಿಸುತ್ತದೆ. ಒಂದೇ ಸಾಲಿನ ಇನ್‌ಲೈನ್ ಒರಟು ನೆಲದಲ್ಲಿ ಸಲೀಸು. ಮೈ ವಾಲಿಸಿದ ಕಡೆ ತಿರುಗುವ ಕ್ವಾಡ್‌ಗೆ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಪೇಟೆಂಟ್ ಪಡೆದರು. ಹಾಗೆ ತಿರುಗಲು ಅಚ್ಚಿನ ಹತ್ತಿರ ರಬ್ಬರ್ ಇರುತ್ತದೆ. ಶುರುವಿನಲ್ಲಿ ಅದರ ನಟ್ಟು ಸ್ವಲ್ಪ ಬಿಗಿಯಾಗಿರಲಿ, ಪಾದ ಅತ್ತಿತ್ತ ಓಲಾಡುವುದಿಲ್ಲ. ಹೊರಗೆ ಕಲಿಯುವುದಾದರೆ ಚಕ್ರ ಮೆತ್ತಗಿರಬೇಕು. ಚಕ್ರದ ಮೇಲೆ ಅದರ ಗಟ್ಟಿತನವನ್ನು 78ಎ ಅಂತಲೋ 82ಎ ಅಂತಲೋ ಬರೆದಿರುತ್ತದೆ, ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಮೆತ್ತಗೆ. 95ಎ ಮೇಲಿನವು ಒಳಾಂಗಣದ ನುಣುಪು ನೆಲಕ್ಕೆ.

ಸ್ಕೇಟ್ ಕಟ್ಟಿ ಮೊದಲು ನಿಲ್ಲುವುದು ಹುಲ್ಲಿನ ಮೇಲೆ. ಅಲ್ಲಿ ಚಕ್ರ ಉರುಳುವುದು ಕಡಿಮೆ. ಹಿಮ್ಮಡಿ ಹತ್ತಿರ, ಬೆರಳು ದೂರ ಇಟ್ಟು ಬಾತುಕೋಳಿಯ ಹಾಗೆ ಪುಟ್ಟ ಹೆಜ್ಜೆ ಹಾಕಿ. ಮಂಡಿ ಮಡಚಿಯೇ ಇರಲಿ, ಕೆಳಗಾಲಿನ ಮುಂಭಾಗ ಸ್ಕೇಟಿನ ನಾಲಿಗೆಗೆ (ಲೇಸಿನ ಕೆಳಗಿನ ಪಟ್ಟಿಗೆ) ತಾಗುತ್ತಿರಲಿ. ಹೆದರಿಕೆಯಾದ ಕೂಡಲೇ ನಾವು ಮಾಡುವ ತಪ್ಪು ನೆಟ್ಟಗೆ ನಿಲ್ಲುವುದು. ನೆಟ್ಟಗಾದರೆ ಭಾರ ಹಿಮ್ಮಡಿಗೆ ಹೋಗುತ್ತದೆ, ಸ್ಕೇಟ್ ಮುಂದೆ ಓಡುತ್ತದೆ, ನೀವು ಬೆನ್ನ ಹಿಂದಕ್ಕೆ ಬೀಳುತ್ತೀರಿ. ಹೆದರಿಕೆಯಾದರೆ ಇನ್ನೂ ಕುಗ್ಗಿ, ಎರಡು ಕೈ ಮಂಡಿಯ ಮೇಲಿಡಿ. ದೇಹಕ್ಕೆ ಇದು ಅಭ್ಯಾಸವಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಆಮೇಲೆ ನಿಲ್ಲಿಸುವುದು. ಕಾಲು ಅಗಲಿಸಿ, ಬೆರಳು ಒಳಕ್ಕೆ ತಿರುಗಿಸಿ, ಹಿಮ್ಮಡಿಯನ್ನು ಹೊರಕ್ಕೆ ಒತ್ತಿದರೆ ವೇಗ ಇಳಿಯುತ್ತದೆ. ಇದು ಬರುವವರೆಗೆ ಇಳಿಜಾರಿನ ಕಡೆ ಹೋಗಲೇಬೇಡಿ. ಸುಮ್ನೆ ಹೇಳುತ್ತಿಲ್ಲ. ನೆಲದ ಮೇಲೂ ಕಣ್ಣಿರಲಿ. ಸಣ್ಣ ಕಲ್ಲಿಗೂ ಚಕ್ರ ತಟ್ಟನೆ ನಿಂತುಬಿಡುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಒಂದು ಪಾದ ಅರ್ಧ ಹೆಜ್ಜೆ ಮುಂದಿದ್ದರೆ ಸಾವರಿಸಿಕೊಳ್ಳಬಹುದು.

ಇಪ್ಪತ್ತು ನಿಮಿಷ, ವಾರಕ್ಕೆ ಮೂರು ಸಲ ಸಾಕು. ಸುಸ್ತಾದ ಮೇಲೆ ಇನ್ನೊಂದು ಸುತ್ತು ಬೇಡ, ಬೀಳುವುದು ಆಗಲೇ ಜಾಸ್ತಿ. ವಾಕಿಂಗ್‌ನಲ್ಲಿ ಅಷ್ಟಾಗಿ ದಣಿಯದ ಸೊಂಟದ ಪಕ್ಕದ ಸ್ನಾಯು, ಒಳತೊಡೆ ಎರಡೂ ಮೊದಲ ವಾರವೇ ನೋಯುತ್ತವೆ. ಪ್ರತಿ ಹೆಜ್ಜೆಗೂ ಒಂದೇ ಕಾಲ ಮೇಲೆ ಸಮತೋಲನ ಹಿಡಿಯಬೇಕಲ್ಲ, ಅದಕ್ಕೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಾನೀಗ ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುತ್ತೇನೆ. 58ರಲ್ಲಿ ಹಿಡಿಯುತ್ತಿದ್ದೆ.

ಮೊಮ್ಮಗಳ ಕ್ಲಾಸಿನಲ್ಲಿ ದೊಡ್ಡವರಿಗೂ ಕಲಿಸುತ್ತಾರಾ ಅಂತ ಕೇಳಿ. ಪಕ್ಕದಲ್ಲಿ ಕಲಿಸುವವರು ಇದ್ದರೆ ತಪ್ಪು ಬೇಗ ತಿದ್ದಿಕೊಳ್ಳಬಹುದು.

ಪ್ರಶ್ನೆ: ನನಗೆ 67. ಮಂಡಿ ಆಗಾಗ ನೋಯುತ್ತದೆ. ಸ್ಕೇಟಿಂಗ್‌ನಿಂದ ಇನ್ನೂ ಹಾಳಾಗುತ್ತದೆಯೇ?

ಉತ್ತರ: ಓಟದಲ್ಲಿ ಪಾದ ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಬಡಿಯುತ್ತದೆ. ಸ್ಕೇಟಿಂಗ್‌ನಲ್ಲಿ ಜಾರುತ್ತದೆ, ಪೆಟ್ಟು ಕಡಿಮೆ. ಆದರೆ ಮಂಡಿ ಮಡಚಿಯೇ ಇರಬೇಕಾದ್ದರಿಂದ ಅದರ ಮೇಲೆ ಭಾರ ಬಿದ್ದೇ ಬೀಳುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ನೋಡಿ. ನೋವಾದರೆ ಸದ್ಯಕ್ಕೆ ಸ್ಕೇಟ್ ಬೇಡ. ಫಿಸಿಯೋಥೆರಪಿಸ್ಟ್ ಹತ್ತಿರ ತೊಡೆಯನ್ನು ಬಲಪಡಿಸುವ ವ್ಯಾಯಾಮ ಕಲಿತು, ಮೂರು ತಿಂಗಳು ಬಿಟ್ಟು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಎದ್ದು ನೋಡಿ. ಆಮೇಲೆ ನನಗೆ ಬರೆಯಿರಿ.